ಹಾನ್ಲೆಯಲ್ಲಿ ನಕ್ಷತ್ರ ನೋಡುವ ರಾತ್ರಿ: ಹೊರಡುವ ಮೊದಲು ಎಲ್ಲರೂ ಕೇಳುವ ಪ್ರಶ್ನೆಗಳು

ಲಡಾಖಿನ ಹಾನ್ಲೆಗೆ ಹೋಗಿ ಆಕಾಶ ನೋಡಿಕೊಂಡು ಬರಬೇಕು ಅನ್ನುವ ಕನ್ನಡಿಗರು ಈಗ ಜಾಸ್ತಿಯಾಗಿದ್ದಾರೆ. ಹೊರಡುವ ಮೊದಲು ಅವರಿಗೆ ಬರುವ ಅನುಮಾನಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇವೆ. ಪೂರ್ತಿ ಓದಲು ಸಮಯ ಇಲ್ಲದಿದ್ದರೆ ಎತ್ತರದ ಬಗ್ಗೆ ಮತ್ತು ದೀಪದ ಬಗ್ಗೆ ಇರುವ ಉತ್ತರಗಳನ್ನಾದರೂ ಓದಿಕೊಂಡು ಹೊರಡಿ. ಒಂದು ನಿಮ್ಮ ಜೀವದ ವಿಷಯ, ಇನ್ನೊಂದು ಆ ಊರಿನ ವಿಷಯ.

ಹಾನ್ಲೆಯಲ್ಲಿ ಇರುವುದು ಸರ್ಕಾರದ ವೀಕ್ಷಣಾಲಯ ಅಲ್ವಾ? ಊರಿನವರು ನಡೆಸುವುದು ಯಾವುದು?

ಎರಡೂ ಇವೆ. ಊರಿನ ಪಕ್ಕದ ಬೆಟ್ಟದ ಮೇಲೆ, ಸುಮಾರು 4,500 ಮೀಟರ್ ಎತ್ತರದಲ್ಲಿ, ಇಂಡಿಯನ್ ಆಸ್ಟ್ರೊನಾಮಿಕಲ್ ಅಬ್ಸರ್ವೇಟರಿ ಇದೆ. ಅದನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಅಲ್ಲಿ ನಡೆಯುವುದು ವಿಜ್ಞಾನಿಗಳ ಕೆಲಸ.

ನೀವು ಹೋಗುತ್ತಿರುವುದು ಬೆಟ್ಟದ ಕೆಳಗಿನ ಊರುಗಳಿಗೆ. ಅಲ್ಲಿನ ಕೆಲವು ಮನೆಗಳಲ್ಲಿ ಒಂದೊಂದು ಟೆಲಿಸ್ಕೋಪ್ ಇದೆ. ಸಂಸ್ಥೆಯವರು ಊರಿನವರನ್ನೇ ಆರಿಸಿ, ತರಬೇತಿ ಕೊಟ್ಟು, ಟೆಲಿಸ್ಕೋಪನ್ನೂ ಅವರ ಕೈಗೆ ಕೊಟ್ಟರು. ಇವರನ್ನು ಆಸ್ಟ್ರೋನಮಿ ಅಂಬಾಸಿಡರ್ ಅನ್ನುತ್ತಾರೆ. ಸುಮಾರು ಎರಡು ಡಜನ್ ಜನ, ಅವರಲ್ಲಿ ಹೆಂಗಸರೇ ಜಾಸ್ತಿ. ಹಗಲು ಆಡು, ಹೊಲ, ಅಡುಗೆ ನೋಡಿಕೊಳ್ಳುವವರೇ ರಾತ್ರಿ ಅಂಗಳದಲ್ಲಿ ಟೆಲಿಸ್ಕೋಪ್ ಇಟ್ಟು ನಿಮಗೆ ಶನಿಯ ಬಳೆ ತೋರಿಸುತ್ತಾರೆ. ದೇಶದಲ್ಲಿ ವಿಜ್ಞಾನವನ್ನು ಜನರ ಹತ್ತಿರ ತರಲು ಆಗಿರುವ ಪ್ರಯತ್ನಗಳಲ್ಲಿ ಇದು ನಮಗೆ ತುಂಬ ಇಷ್ಟವಾದದ್ದು.

ಡಾರ್ಕ್ ಸ್ಕೈ ರಿಸರ್ವ್ ಅಂದರೆ ಏನು?

ಕತ್ತಲನ್ನು ಕಾಪಾಡಲು ಗುರುತು ಮಾಡಿದ ಜಾಗ. 2022ರ ಡಿಸೆಂಬರ್‌ನಲ್ಲಿ ಲಡಾಖ್ ಆಡಳಿತ ಇದನ್ನು ಘೋಷಿಸಿತು. ವೀಕ್ಷಣಾಲಯವನ್ನು ನಡುವೆ ಇಟ್ಟುಕೊಂಡು ಸುತ್ತ 22 ಕಿಲೋಮೀಟರ್ ದೂರದವರೆಗೆ ಬೆಳಕಿಗೆ ನಿಯಮಗಳಿವೆ. ಮನೆಯ ಹೊರಗಿನ ದೀಪಗಳಿಗೆ ಮುಚ್ಚಳ, ಕಿಟಕಿಗಳಿಗೆ ದಪ್ಪ ಪರದೆ, ಗಾಡಿಗಳಿಗೆ ಹೈಬೀಮ್ ಬೇಡ ಅನ್ನುವ ಸೂಚನೆ.

ಇದರಲ್ಲಿ ಒಂದು ಲೆಕ್ಕಾಚಾರ ಇದೆ, ಒಳ್ಳೆಯ ಅರ್ಥದಲ್ಲಿ. ವಿಜ್ಞಾನಿಗಳಿಗೆ ಕತ್ತಲು ಬೇಕು. ಊರಿಗೆ ಸಂಪಾದನೆ ಬೇಕು. ಬರೀ ದೀಪ ಆರಿಸಿ ಅಂತ ಹೇಳಿದರೆ ಯಾವ ಊರು ಎಷ್ಟು ದಿನ ಕೇಳುತ್ತದೆ? ಕತ್ತಲು ನೋಡಲು ಜನ ಬಂದು, ಉಳಿದು, ದುಡ್ಡು ಕೊಟ್ಟು ಹೋದರೆ ಆಗ ಕತ್ತಲು ಊರಿನ ಆಸ್ತಿಯಾಗುತ್ತದೆ. ನೀವು ಅಲ್ಲಿ ಒಂದು ರಾತ್ರಿ ಉಳಿದರೆ ಈ ವ್ಯವಸ್ಥೆಗೆ ಬಲ. ಲೇಹ್‌ನಿಂದ ಕಂಪನಿ ಗಾಡಿಯಲ್ಲಿ ಬಂದು, ಹೊರಗಿನ ಟೆಂಟಿನಲ್ಲಿ ಮಲಗಿ, ಊರಿನವರ ಜೊತೆ ಮಾತೇ ಆಡದೆ ಹೋದರೆ ಊರಿಗೆ ಉಳಿಯುವುದು ಧೂಳು ಮಾತ್ರ.

ಹೊಸಕೋಟೆಗೂ ಹಾನ್ಲೆಗೂ ಏನೋ ಸಂಬಂಧ ಇದೆಯಂತೆ, ನಿಜವಾ?

ನಿಜ. ಬೆಟ್ಟದ ಮೇಲಿರುವ ಹಿಮಾಲಯನ್ ಚಂದ್ರ ಟೆಲಿಸ್ಕೋಪಿನ ಕನ್ನಡಿ ಎರಡು ಮೀಟರ್ ಅಗಲ. ಅದು 2000ದ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಆಕಾಶ ಕಂಡಿತು. ಹೆಸರು ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದ್ದು. ಅದನ್ನು ತಿರುಗಿಸುವುದು, ಚಿತ್ರ ತೆಗೆಯುವುದು ಎಲ್ಲ ಹೊಸಕೋಟೆಯಲ್ಲಿರುವ ಸಂಸ್ಥೆಯ ಕೇಂದ್ರದಿಂದ, ಉಪಗ್ರಹದ ಸಂಪರ್ಕದ ಮೂಲಕ. ಖಗೋಳ ವಿಜ್ಞಾನಿ ಹೊಸಕೋಟೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದರೂ ಟೆಲಿಸ್ಕೋಪ್ ಲಡಾಖಿನ ಚಳಿಯಲ್ಲಿ ಕೆಲಸ ಮಾಡುತ್ತಿರುತ್ತದೆ. ಹೊಸಕೋಟೆ ಅಂದರೆ ಬಿರಿಯಾನಿ ಮಾತ್ರ ನೆನಪಾಗುವವರಿಗೆ ಇದನ್ನು ತಪ್ಪದೆ ಹೇಳಿ.

ಆ ದೊಡ್ಡ ಟೆಲಿಸ್ಕೋಪಿನಲ್ಲಿ ನಾವೂ ನೋಡಬಹುದಾ?

ಇಲ್ಲ. ಅದರಲ್ಲಿ ಕಣ್ಣಿಟ್ಟು ನೋಡುವ ವ್ಯವಸ್ಥೆಯೇ ಇಲ್ಲ, ಕ್ಯಾಮೆರಾ ಇದೆ. ರಾತ್ರಿ ಬೆಟ್ಟದ ಮೇಲೆ ಪ್ರವಾಸಿಗರಿಗೆ ಪ್ರವೇಶವೂ ಇಲ್ಲ. ಹಗಲಲ್ಲಿ ಹೋಗಿ ಗುಮ್ಮಟವನ್ನು ನೋಡಬಹುದು. ಬೆಟ್ಟಕ್ಕೆ ಹೊರಡುವ ಮೊದಲು ಅವತ್ತು ಬಿಡುತ್ತಾರಾ ಅಂತ ನೀವು ಉಳಿದುಕೊಂಡ ಮನೆಯವರನ್ನು ಕೇಳಿ. ಅದೇ ಪ್ರದೇಶದಲ್ಲಿ 21 ಮೀಟರ್ ಅಗಲದ ಮೇಸ್ ಅನ್ನುವ ಗಾಮಾ ಕಿರಣ ಟೆಲಿಸ್ಕೋಪ್ ಕೂಡ ಇದೆ. ಗಾಮಾ ಕಿರಣ ಬಂದು ವಾತಾವರಣಕ್ಕೆ ಬಡಿದಾಗ ಹುಟ್ಟುವ ಕ್ಷಣಮಾತ್ರದ ನೀಲಿ ಬೆಳಕನ್ನು ಅದು ಹಿಡಿಯುತ್ತದೆ. ಅಷ್ಟು ಸಣ್ಣ ಮಿಂಚನ್ನು ಹಿಡಿಯುವ ಯಂತ್ರದ ಎದುರು ಒಂದು ಗಾಡಿಯ ಹೆಡ್‌ಲೈಟ್ ಎಷ್ಟು ದೊಡ್ಡ ತೊಂದರೆ ಅಂತ ನೀವೇ ಯೋಚಿಸಿ.

ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ. ಇದು ನಮ್ಮ ಸ್ಪಷ್ಟ ಅಭಿಪ್ರಾಯ. ಹಾನ್ಲೆ ಹಿಮಾಲಯದ ಮಳೆನೆರಳಿನಲ್ಲಿದೆ, ಮಳೆ ತುಂಬ ಕಡಿಮೆ. ಆದರೂ ಜುಲೈ, ಆಗಸ್ಟ್‌ನಲ್ಲಿ ಮೋಡ ಬಂದು ರಾತ್ರಿ ಹಾಳಾಗುವುದುಂಟು. ಮೇ, ಜೂನ್‌ನಲ್ಲಿ ಆಕಾಶಗಂಗೆಯ ನಡುಭಾಗ ನಡುರಾತ್ರಿ ಚೆನ್ನಾಗಿ ಮೇಲೆ ಬಂದಿರುತ್ತದೆ, ಆದರೆ ರಾತ್ರಿ ಚಿಕ್ಕದು. ಚಳಿಗಾಲದಲ್ಲಿ ಆಕಾಶ ಅದ್ಭುತ. ಆದರೆ ಮೈನಸ್ ಇಪ್ಪತ್ತಕ್ಕಿಂತ ಕೆಳಗಿನ ಚಳಿಗೆ ತಯಾರಿ ಇಲ್ಲದವರು ಮೊದಲ ಸಲವೇ ಆ ಸಾಹಸಕ್ಕೆ ಇಳಿಯಬೇಡಿ.

ತಿಂಗಳಿಗಿಂತ ಮುಖ್ಯವಾದದ್ದು ತಿಥಿ. ಹುಣ್ಣಿಮೆಯ ಹತ್ತಿರ ಹೋದರೆ ಅಷ್ಟು ದೂರ ಹೋದದ್ದೇ ವ್ಯರ್ಥ. ಮನೆಯ ಕ್ಯಾಲೆಂಡರ್ ತೆಗೆದು ಅಮಾವಾಸ್ಯೆ ನೋಡಿ. ಅದರ ಹಿಂದಿನ ನಾಲ್ಕು ದಿನ, ಮುಂದಿನ ನಾಲ್ಕು ದಿನ ಒಳ್ಳೆಯ ಕಾಲ. ಮಹಾಲಯ ಅಮಾವಾಸ್ಯೆಯ ಆಸುಪಾಸು ನಮ್ಮ ಮೊದಲ ಆಯ್ಕೆ. ಕತ್ತಲಾಗುತ್ತಿದ್ದ ಹಾಗೆ ನೈರುತ್ಯದಲ್ಲಿ ಆಕಾಶಗಂಗೆಯ ದಪ್ಪ ಭಾಗ ಇನ್ನೂ ಕಾಣುತ್ತದೆ. ನಡುರಾತ್ರಿ ಆಂಡ್ರೊಮಿಡಾ ಗ್ಯಾಲಕ್ಸಿ ನೆತ್ತಿಯ ಹತ್ತಿರ ಇರುತ್ತದೆ. ಬೆಳಗಿನ ಜಾವ ಮಹಾವ್ಯಾಧ (ಓರಿಯನ್) ಮೇಲೇರಿರುತ್ತಾನೆ.

ಅಮಾವಾಸ್ಯೆಗೆ ಪ್ರಯಾಣ ಬೇಡ ಅಂತ ಮನೆಯಲ್ಲಿ ಹೇಳುತ್ತಾರೆ. ಏನು ಮಾಡೋದು?

ಹಿರಿಯರ ಮಾತು ಮೀರುವ ಅಗತ್ಯವೇ ಬರುವುದಿಲ್ಲ. ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಲು ಹೇಗಿದ್ದರೂ ನಾಲ್ಕೈದು ದಿನ ಮೊದಲೇ ಊರು ಬಿಡಬೇಕು. ಅಮಾವಾಸ್ಯೆ ದಿನ ನೀವು ಹಾನ್ಲೆಯ ಅಂಗಳದಲ್ಲೇ ಇರುತ್ತೀರಿ.

ಎತ್ತರದಿಂದ ತೊಂದರೆ ಆಗುತ್ತದಾ?

ಆಗಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಲೇಹ್ ಸುಮಾರು 3,500. ಹಾನ್ಲೆ ಊರು 4,200ಕ್ಕೂ ಮೇಲೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರದಂಡೆಯಲ್ಲಿ ಇರುವುದರ ನೂರಕ್ಕೆ ಅರವತ್ತರಷ್ಟು ಮಾತ್ರ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ.

ವಿಮಾನದಲ್ಲಿ ಲೇಹ್‌ಗೆ ಬಂದಿಳಿದರೆ ಮೊದಲ ಎರಡು ದಿನ ಸುಮ್ನೆ ಇರಿ. ಮಾರ್ಕೆಟ್ ಸುತ್ತುವುದು, ಶಾಂತಿ ಸ್ತೂಪದ ಮೆಟ್ಟಿಲು ಹತ್ತುವುದು ಆಮೇಲೆ. ಮೂರನೇ ದಿನವೂ ಲೇಹ್ ಸುತ್ತಮುತ್ತ ಕಳೆದರೆ ಇನ್ನೂ ಒಳ್ಳೆಯದು. ನೀರು ಕುಡಿಯುತ್ತಿರಿ, ಮದ್ಯ ಮುಟ್ಟಬೇಡಿ. ಎತ್ತರಕ್ಕೆ ಕೊಡುವ ಮಾತ್ರೆಯನ್ನು ಊರಲ್ಲೇ ನಿಮ್ಮ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಪಕ್ಕದ ಮನೆಯವರು ತಗೊಂಡರು ಅಂತ ನೀವೂ ನುಂಗಬೇಡಿ. ಹೃದಯದ, ಶ್ವಾಸಕೋಶದ ತೊಂದರೆ ಇರುವವರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಗರ್ಭಿಣಿಯರು ಡಾಕ್ಟರ್ ಒಪ್ಪದೆ ಹೊರಡಲೇಬಾರದು.

ಸ್ವಲ್ಪ ತಲೆನೋವು, ಹಸಿವಿಲ್ಲದಿರುವುದು, ನಿದ್ದೆ ಬರದಿರುವುದು ಸಾಮಾನ್ಯ. ಆದರೆ ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಕೆಮ್ಮು ಶುರುವಾದರೆ, ನಡೆಯುವಾಗ ತೂರಾಡಿದರೆ, ಮಾತು ಗೊಂದಲವಾದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಕೆಳಗೆ ಇಳಿಯಬೇಕು. ದೊಡ್ಡ ಆಸ್ಪತ್ರೆ ಇರುವುದು ಲೇಹ್‌ನಲ್ಲಿ, ಅಲ್ಲಿಗೆ ಸುಮಾರು 250 ಕಿಲೋಮೀಟರ್ ದಾರಿ. ಇದೇ ಕಾರಣಕ್ಕೆ ಬಂದ ಗಾಡಿಯನ್ನು ವಾಪಸ್ ಕಳಿಸದೆ ರಾತ್ರಿ ಊರಲ್ಲೇ ಇಟ್ಟುಕೊಳ್ಳಿ ಅಂತ ನಾವು ಎಲ್ಲರಿಗೂ ಹೇಳುವುದು.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಆಮ್ಲಜನಕ ಕಡಿಮೆಯಾದರೆ ಮೊದಲು ಮಂಕಾಗುವುದು ರಾತ್ರಿಯ ದೃಷ್ಟಿ. ಮೈ ಚೆನ್ನಾಗಿ ಒಗ್ಗಿದವರಿಗೆ ನಕ್ಷತ್ರಗಳೂ ಜಾಸ್ತಿ ಕಾಣುತ್ತವೆ.

ಪರ್ಮಿಟ್ ಬೇಕಾ?

ಚೀನಾ ಗಡಿ ಹತ್ತಿರ ಇರುವುದರಿಂದ ಕಾಗದಪತ್ರ ಬೇಕೇಬೇಕು. ಲೇಹ್ ಆಡಳಿತದ ವೆಬ್‌ಸೈಟಿನಲ್ಲಿ ನೋಂದಣಿ ಮಾಡಿ, ಪರಿಸರ ಶುಲ್ಕ ಕಟ್ಟಿ, ನಾಲ್ಕೈದು ಪ್ರಿಂಟ್ ತೆಗೆದುಕೊಳ್ಳಿ. ಆಧಾರ್ ಅಥವಾ ವೋಟರ್ ಐಡಿ ಕೈಯಲ್ಲಿರಲಿ. ನಿಯಮಗಳು ಆಗಾಗ ಬದಲಾಗುತ್ತವೆ, ಹೋಗುವ ವಾರದಲ್ಲಿ ಇನ್ನೊಮ್ಮೆ ನೋಡಿ. ಅಮೆರಿಕದಿಂದಲೋ ಬ್ರಿಟನ್ನಿನಿಂದಲೋ ಬರುವ ನಮ್ಮವರಲ್ಲಿ ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ ನಿಯಮ ಬೇರೆ. ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇದೆ ಅಂತ ಧೈರ್ಯ ಮಾಡಬೇಡಿ, ಟಿಕೆಟ್ ಮಾಡುವ ಮೊದಲೇ ವಿಚಾರಿಸಿ.

ಲೇಹ್‌ನಿಂದ ದಾರಿ ಹೇಗೆ?

ಉಪ್ಶಿ, ಚುಮಾಥಾಂಗ್, ಮಾಹೆ, ನ್ಯೋಮಾ, ಲೋಮಾ ಮೇಲೆ ಹಾದು ಹಾನ್ಲೆ. ಹೆಚ್ಚಿನ ದಾರಿ ಸಿಂಧೂ ನದಿಯ ಪಕ್ಕದಲ್ಲೇ. ಏಳೆಂಟು ಗಂಟೆ ಹಿಡಿಯುತ್ತದೆ. ಬೆಳಗ್ಗೆ ಬೇಗ ಹೊರಟು ಬೆಳಕಿರುವಾಗಲೇ ಊರು ಸೇರಿ. ಡೀಸೆಲ್, ಪೆಟ್ರೋಲ್ ಲೇಹ್ ಕಡೆಯೇ ತುಂಬಿಸಿಕೊಳ್ಳಿ, ನಗದು ಹಣವನ್ನೂ ಅಲ್ಲೇ ತೆಗೆದುಕೊಳ್ಳಿ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ರಾತ್ರಿ ಏನೇನು ನಡೆಯುತ್ತದೆ?

ಇದಕ್ಕೆ ಅಚ್ಚುಕಟ್ಟಾದ ಕಾರ್ಯಕ್ರಮ ಪಟ್ಟಿ ಅಂತ ಇಲ್ಲ. ಸಂಜೆ ಊಟ ಬೇಗ. ಸೂರ್ಯ ಮುಳುಗಿ ಒಂದೂವರೆ ಗಂಟೆ ಆದ ಮೇಲೆ ಪೂರ್ತಿ ಕತ್ತಲು. ಮನೆಯ ಅಂಬಾಸಿಡರ್ ಟೆಲಿಸ್ಕೋಪ್ ಹೊರಗೆ ತರುತ್ತಾರೆ. ಮೊದಲು ಬರಿಗಣ್ಣಿನಲ್ಲಿ ದಿಕ್ಕು, ಧ್ರುವ, ರಾಶಿಗಳನ್ನು ತೋರಿಸುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಟೆಲಿಸ್ಕೋಪಿನಲ್ಲಿ. ಮಾತು ಹಿಂದಿಯಲ್ಲಿ, ಬೇಕಾದರೆ ಸ್ವಲ್ಪ ಇಂಗ್ಲಿಷಿನಲ್ಲಿ. ಜುಲೇ ಅಂತ ಕೈಮುಗಿದರೆ ನಮಸ್ಕಾರವೂ ಆಯಿತು, ಥ್ಯಾಂಕ್ಸೂ ಆಯಿತು.

ಅವರು ಗಂಟೆಗಟ್ಟಲೆ ಚಳಿಯಲ್ಲಿ ನಿಲ್ಲುತ್ತಾರೆ ಅನ್ನುವುದು ನೆನಪಿರಲಿ. ತೋರಿಸಿ ಮುಗಿದ ಮೇಲೆ ನೀವು ಬೆಳಗಿನವರೆಗೂ ಹೊರಗೆ ಕೂತು ನೋಡಬಹುದು, ಅವರನ್ನು ಮಲಗಲು ಬಿಡಿ.

ನಮ್ಮ ಸಲಹೆ ಇಷ್ಟು: ಟೆಲಿಸ್ಕೋಪಿಗೆ ಸಾಲು ನಿಲ್ಲುವ ಮೊದಲು ಅರ್ಧ ಗಂಟೆ ಚಾಪೆ ಹಾಸಿ ಅಂಗಾತ ಮಲಗಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಅಷ್ಟರೊಳಗೆ ಒಂದು ಸಲ ಫೋನ್ ನೋಡಿದರೂ ಮತ್ತೆ ಮೊದಲಿನಿಂದ ಶುರು.

ಟೆಲಿಸ್ಕೋಪಿನಲ್ಲಿ ಫೋಟೋದಲ್ಲಿ ಇದ್ದ ಹಾಗೆ ಬಣ್ಣ ಕಾಣುತ್ತದಾ?

ಕಾಣುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ನಿರಾಸೆ ಆಗುವುದಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದಿಲ್ಲ. ನೀಹಾರಿಕೆಗಳು, ಗ್ಯಾಲಕ್ಸಿಗಳು ಬೂದಿ ಬಣ್ಣದ ಹೊಗೆಯಂತೆ ಇರುತ್ತವೆ. ಕ್ಯಾಮೆರಾ ನಿಮಿಷಗಟ್ಟಲೆ ಬೆಳಕು ಕೂಡಿಸಿಕೊಳ್ಳುತ್ತದೆ, ಕಣ್ಣಿಗೆ ಅದು ಆಗುವುದಿಲ್ಲ.

ಹಾಗಂತ ಕಡಿಮೆ ಏನಲ್ಲ. ಸುಮಾರು ಎಂಟು ಇಂಚಿನ ಕನ್ನಡಿ ನಿಮ್ಮ ಕಣ್ಣಿನ ಪಾಪೆಗಿಂತ ಎಂಟುನೂರು ಪಟ್ಟು ಬೆಳಕು ಹಿಡಿಯುತ್ತದೆ. ಗುರುವಿನ ನಾಲ್ಕು ಚಂದ್ರರು, ಶನಿಯ ಬಳೆ ಚೊಕ್ಕವಾಗಿ ಕಾಣುತ್ತವೆ. ಹರ್ಕ್ಯುಲಿಸ್ ಗುಚ್ಛದಲ್ಲಿ ಲಕ್ಷಗಟ್ಟಲೆ ನಕ್ಷತ್ರಗಳಿವೆ. ಊರಲ್ಲಿ ಅದು ಬರೀ ಮಸುಕು, ಹಾನ್ಲೆಯಲ್ಲಿ ಅಂಚಿನ ನಕ್ಷತ್ರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಮಂದ ವಸ್ತುಗಳನ್ನು ನೇರ ನೋಡಬೇಡಿ, ಕಡೆಗಣ್ಣಿನಲ್ಲಿ ನೋಡಿ. ಕಣ್ಣಿನ ನಡುಭಾಗಕ್ಕಿಂತ ಅಂಚಿನ ಭಾಗ ಕತ್ತಲಲ್ಲಿ ಚುರುಕು.

ನಮ್ಮನ್ನು ಕೇಳಿದರೆ ಹಾನ್ಲೆಯ ನಿಜವಾದ ಸಂಪತ್ತು ಬರಿಗಣ್ಣಿನ ಆಕಾಶ. ಆಂಡ್ರೊಮಿಡಾ ಗ್ಯಾಲಕ್ಸಿ ಯಾವ ಉಪಕರಣವೂ ಇಲ್ಲದೆ ಕಾಣುತ್ತದೆ. ಸುಮಾರು 25 ಲಕ್ಷ ವರ್ಷ ಹಿಂದೆ ಅಲ್ಲಿಂದ ಹೊರಟ ಬೆಳಕು ಅದು. ಮೂಲಾ ನಕ್ಷತ್ರದ ಪಕ್ಕದಲ್ಲಿ, ಧನು ರಾಶಿಯ ಕಡೆ, ನಮ್ಮ ಗ್ಯಾಲಕ್ಸಿಯ ಕೇಂದ್ರ ಇದೆ. ಅಲ್ಲಿ ಆಕಾಶಗಂಗೆ ಉಬ್ಬಿಕೊಂಡಿರುವುದು, ನಡುವೆ ಕಪ್ಪು ಧೂಳಿನ ಕವಲುಗಳು ಹರಿದಿರುವುದು ಎಲ್ಲ ಕಾಣುತ್ತದೆ. ನಕ್ಷತ್ರಗಳು ಎಷ್ಟು ಜಾಸ್ತಿ ಅಂದರೆ ಗೊತ್ತಿರುವ ರಾಶಿಗಳನ್ನೇ ಹುಡುಕಬೇಕಾಗುತ್ತದೆ.

ಟಾರ್ಚ್, ಗಾಡಿಯ ದೀಪ, ಸಿಗರೇಟು?

ಬಿಳಿ ಟಾರ್ಚ್ ಬೇಡ. ಕೆಂಪು ಬೆಳಕಿನ ಹೆಡ್‌ಲ್ಯಾಂಪ್ ತನ್ನಿ, ಇಲ್ಲದಿದ್ದರೆ ಟಾರ್ಚಿಗೆ ಕೆಂಪು ಕಾಗದ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಾಗುವುದಿಲ್ಲ. ಹಸಿರು ಲೇಸರ್ ತರಬೇಡಿ.

ಹತ್ತಿರದ ಎತ್ತರದ ಕಣಿವೆದಾರಿ ಉಮ್ಲಿಂಗ್ ಲಾ ನೋಡಿಕೊಂಡು ರಾತ್ರಿ ಹಾನ್ಲೆಗೆ ನುಗ್ಗುವ ಬೈಕು, ಕಾರುಗಳಿಂದಲೇ ಈಗ ದೊಡ್ಡ ತೊಂದರೆ. ಬಯಲು ಸೀಮೆ ಅದು, ಮರ ಇಲ್ಲ, ತಡೆ ಇಲ್ಲ. ಒಂದು ಹೈಬೀಮ್ ಕಿಲೋಮೀಟರ್‌ಗಟ್ಟಲೆ ಹರಡುತ್ತದೆ. ಅಷ್ಟೂ ಅಂಗಳಗಳಲ್ಲಿ ನಿಂತವರ ಕಣ್ಣು ಅರ್ಧ ಗಂಟೆ ಹಿಂದಕ್ಕೆ ಹೋಗುತ್ತದೆ. ಕತ್ತಲಾದ ಮೇಲೆ ಗಾಡಿ ತೆಗೆಯಲೇಬಾರದು. ತೆಗೆಯಲೇಬೇಕಾದ ತುರ್ತು ಬಂದರೆ ಡಿಮ್‌ನಲ್ಲಿ, ನಿಧಾನವಾಗಿ. ಗಾಡಿಯೊಳಗಿನ ದೀಪ ಬಾಗಿಲು ತೆಗೆದ ಕೂಡಲೇ ಹೊತ್ತಿಕೊಳ್ಳುತ್ತದೆ, ಅದನ್ನೂ ಸಂಜೆಯೇ ಆರಿಸಿಡಿ. ಕೋಣೆಯ ಪರದೆ ಎಳೆದು ಆಮೇಲೆ ದೀಪ ಹಾಕಿ.

ಸಿಗರೇಟಿನ ಹೊಗೆ ರಕ್ತದ ಆಮ್ಲಜನಕವನ್ನು ಇನ್ನೂ ತಗ್ಗಿಸುತ್ತದೆ. ಆ ಎತ್ತರದಲ್ಲಿ ಅದು ಬೇಡವೇ ಬೇಡ.

ಫೋಟೋ ತೆಗೆಯಬಹುದಾ?

ಧಾರಾಳವಾಗಿ. ಗಟ್ಟಿ ಟ್ರೈಪಾಡ್, ಅಗಲ ಲೆನ್ಸ್, 15ರಿಂದ 20 ಸೆಕೆಂಡ್ ಎಕ್ಸ್‌ಪೋಷರ್, ಐಎಸ್‌ಒ 3200 ಹತ್ತಿರ ಇಟ್ಟು ಶುರು ಮಾಡಿ. ಫೋನಿನ ನೈಟ್ ಮೋಡ್ ಕೂಡ ಟ್ರೈಪಾಡ್ ಮೇಲೆ ಚೆನ್ನಾಗಿ ಬರುತ್ತದೆ. ಪರದೆಯ ಬೆಳಕು ಪೂರ್ತಿ ಇಳಿಸಿ, ಬೇರೆಯವರಿಂದ ಸ್ವಲ್ಪ ದೂರ ನಿಲ್ಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ. ದಾರಿಯಲ್ಲಿ ಸೇನೆಯ ನೆಲೆಗಳನ್ನು, ಸೇತುವೆಗಳನ್ನು ಚಿತ್ರ ತೆಗೆಯಬೇಡಿ.

ಹಾನ್ಲೆಯಲ್ಲಿ ಅರೋರಾ ಕಂಡಿತ್ತಂತೆ?

ಹೌದು. 2024ರ ಮೇ 10ರ ರಾತ್ರಿ ಸೂರ್ಯನಿಂದ ಬಂದ ಬಲವಾದ ಬಿರುಗಾಳಿಗೆ ಉತ್ತರ ದಿಗಂತದಲ್ಲಿ ಕೆಂಪು ಹೊಳಪು ಮೂಡಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಬಂತು. ಕ್ಯಾಮೆರಾದಲ್ಲಿ ಕಂಡಷ್ಟು ಗಾಢವಾಗಿ ಅದು ಕಣ್ಣಿಗೆ ಕಾಣುವುದಿಲ್ಲ. ಅಂಥ ಬಿರುಗಾಳಿ ಅಪರೂಪ, ಅದನ್ನೇ ನಂಬಿಕೊಂಡು ಹೋಗಬೇಡಿ.

ಬಟ್ಟೆ, ಊಟ, ದುಡ್ಡು?

ಬೆಂಗಳೂರಿನ ಸ್ವೆಟರ್ ಅಲ್ಲಿ ಸಾಲದು. ಸೆಪ್ಟೆಂಬರ್ ಕೊನೆಯಲ್ಲೇ ರಾತ್ರಿ ಶೂನ್ಯಕ್ಕಿಂತ ಕೆಳಗೆ ಇಳಿಯುತ್ತದೆ, ಮೇಲಿಂದ ಗಾಳಿ. ನಡೆಯುವಾಗ ಆಗುವ ಚಳಿಗಿಂತ ನಿಂತು ನೋಡುವಾಗ ಆಗುವ ಚಳಿ ಜಾಸ್ತಿ. ಥರ್ಮಲ್, ಉಣ್ಣೆ, ಮೇಲೆ ದಪ್ಪ ಜಾಕೆಟ್, ಎರಡು ಜೊತೆ ಕಾಲುಚೀಲ, ಕಿವಿ ಮುಚ್ಚುವ ಟೋಪಿ. ಕಾಲು ಬೆಚ್ಚಗಿದ್ದರೆ ರಾತ್ರಿಯಿಡೀ ನಿಲ್ಲಬಹುದು.

ಊಟ ಮನೆಯದ್ದು: ಅನ್ನ, ಬೇಳೆ, ರೊಟ್ಟಿ, ತುಕ್ಪಾ (ನೂಡಲ್ಸ್ ಸೂಪ್), ಬೆಣ್ಣೆ ಹಾಕಿದ ಉಪ್ಪು ಚಹಾ. ಸಸ್ಯಾಹಾರಿಗಳು ಮೊದಲೇ ಹೇಳಿದರೆ ತೊಂದರೆ ಇಲ್ಲ. ಕೋಣೆಗೆ ಎಷ್ಟು, ಆಕಾಶ ತೋರಿಸುವುದಕ್ಕೆ ಎಷ್ಟು ಅಂತ ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಆಮೇಲೆ ಚೌಕಾಸಿ ಮಾಡಬೇಡಿ. ಅಲ್ಲಿಗೆ ಒಂದು ಚೀಲ ಅಕ್ಕಿ ಹೋಗುವುದೂ ನೀವು ಬಂದ ಅದೇ ದಾರಿಯಲ್ಲಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಹತ್ತು ದಾಟಿದ, ತನಗೆ ಏನಾಗುತ್ತಿದೆ ಅಂತ ಹೇಳಬಲ್ಲ ಮಕ್ಕಳಾದರೆ, ಮಕ್ಕಳ ಡಾಕ್ಟರ್ ಒಪ್ಪಿದರೆ ಸರಿ. ತೀರ ಚಿಕ್ಕ ಮಕ್ಕಳಿಗೆ ತಲೆನೋವು ಅಂತ ಹೇಳಲೂ ಬರುವುದಿಲ್ಲ. ಅವರನ್ನು ಕರೆದೊಯ್ಯಬೇಡಿ ಅನ್ನುವುದೇ ನಮ್ಮ ಅಭಿಪ್ರಾಯ.

ಮೋಡ ಕವಿದರೆ?

ಏನೂ ಮಾಡಲು ಆಗುವುದಿಲ್ಲ. ಅದಕ್ಕೇ ಒಂದು ರಾತ್ರಿಗೆ ಹೋಗಬೇಡಿ, ಎರಡು ಅಥವಾ ಮೂರು ರಾತ್ರಿ ಇಟ್ಟುಕೊಳ್ಳಿ. ಹಗಲು ಬೇಸರ ಆಗುವುದಿಲ್ಲ. ಗುಡ್ಡದ ಮೇಲೆ 17ನೇ ಶತಮಾನದ ಗೊಂಪಾ, ಅಂದರೆ ಬೌದ್ಧ ಮಠ, ಇದೆ. ಬೇಸಿಗೆಯಲ್ಲಿ ಜೌಗಿನಲ್ಲಿ ಕಪ್ಪು ಕತ್ತಿನ ಕೊಕ್ಕರೆಗಳು ಇರುತ್ತವೆ, ಬಯಲಲ್ಲಿ ಕಾಡುಕತ್ತೆ ಕಿಯಾಂಗ್ ಓಡಾಡುತ್ತಿರುತ್ತದೆ.

ಅಷ್ಟು ದೂರ ಹೋಗಲು ಆಗದವರು?

ತಮಿಳುನಾಡಿನ ಜವಾದಿ ಬೆಟ್ಟದಲ್ಲಿರುವ ಕಾವಲೂರಿಗೆ ಹೋಗಿ. ಅದೇ ಸಂಸ್ಥೆಯ ವೈನು ಬಪ್ಪು ವೀಕ್ಷಣಾಲಯ ಅದು, ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿಬರಬಹುದು. ಶನಿವಾರ ಸಾರ್ವಜನಿಕರಿಗೆ ಅವಕಾಶ ಇರುತ್ತದೆ, ಹೊರಡುವ ಮೊದಲು ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳಿ.

ದಕ್ಷಿಣದಲ್ಲಿ ಇರುವುದಕ್ಕೆ ನಮಗೂ ಒಂದು ಲಾಭ ಇದೆ. ಅಗಸ್ತ್ಯ ನಕ್ಷತ್ರ ಹಾನ್ಲೆಯಲ್ಲಿ ದಿಗಂತದಿಂದ ನಾಲ್ಕೈದು ಡಿಗ್ರಿಯಷ್ಟೇ ಮೇಲೇರುತ್ತದೆ, ಬೆಟ್ಟದ ಹಿಂದೆಯೇ ಉಳಿದುಬಿಡಬಹುದು. ಬೆಂಗಳೂರಿನಲ್ಲಿ ಅದು ಇಪ್ಪತ್ನಾಲ್ಕು ಡಿಗ್ರಿಗೂ ಮೇಲೆ ಬರುತ್ತದೆ. ನಮ್ಮ ಆಕಾಶದ ಅತಿ ದೊಡ್ಡ ಗೋಳಗುಚ್ಛ (ಚೆಂಡಿನಂತೆ ಒತ್ತಾಗಿ ಸೇರಿದ ನಕ್ಷತ್ರಗಳ ಗುಂಪು) ಒಮೆಗಾ ಸೆಂಟಾರಿ ಕೂಡ ಹಾಗೇ. ಏಪ್ರಿಲ್, ಮೇ ತಿಂಗಳ ಅಮಾವಾಸ್ಯೆಯ ಸುತ್ತ, ಊರ ದೀಪಗಳಿಂದ ದೂರದ ಹೊಲವೊಂದರಲ್ಲಿ, ದಕ್ಷಿಣಕ್ಕೆ ಮುಖ ಮಾಡಿ ಬೈನಾಕ್ಯುಲರ್ ಹಿಡಿದರೆ ಹಾನ್ಲೆಯವರಿಗಿಂತ ನಿಮಗೇ ಅದು ಚೆನ್ನಾಗಿ ಕಾಣುತ್ತದೆ.